ಬೋರಲು ಬಿದ್ದ ಆರು ಫೋನು

ಗುಬ್ಬಿ ಡ್ರಾಯರ್ ಎಳೆದು ಎಣಿಸಿದಳು. ಹನ್ನೊಂದು. ಕಣ್ಣುಜ್ಜಿಕೊಂಡು ಮತ್ತೆ ಎಣಿಸಿದಳು. ಹನ್ನೊಂದೇ!

ಹನ್ನೆರಡಿರಬೇಕಿತ್ತು. ಬೆಲೆಬಾಳುವ ಫೋನುಗಳೇನಲ್ಲ, ಗಾಜು ಸೀಳಿದ್ದು, ಗುಂಡಿ ಒಳಗೆ ಕೂತಿದ್ದು, ಬೆನ್ನು ಬಿಚ್ಚಿಕೊಂಡಿದ್ದು. ತಾನು ಬರೆದ ಆ್ಯಪ್ ಎಲ್ಲ ಬಗೆಯ ಫೋನಿನಲ್ಲೂ ನೆಟ್ಟಗೆ ನಡೆಯುತ್ತದೋ ಇಲ್ಲವೋ ಎಂದು ಪರೀಕ್ಷಿಸಲು ಸೆಕೆಂಡ್‌ಹ್ಯಾಂಡ್ ಅಂಗಡಿಗಳಲ್ಲಿ ಚೌಕಾಸಿ ಮಾಡಿ ತಂದ ಹಳೇ ಸರಕು. ಡ್ರಾಯರಿನೊಳಗೆ ರಟ್ಟಿನ ಮನೆಗಳನ್ನು ಮಾಡಿ, ಒಂದರಿಂದ ಹನ್ನೆರಡರವರೆಗೆ ಸಂಖ್ಯೆ ಬರೆದು, ಎಲ್ಲವನ್ನೂ ಸಾಲಾಗಿ ಅಂಗಾತ ಮಲಗಿಸಿದ್ದಳು. ಈಗ ಒಂದರಿಂದ ಆರು ಬೋರಲು ಬಿದ್ದಿದ್ದವು. ಎಂಟರಿಂದ ಹನ್ನೆರಡು ಅಂಗಾತವೇ ಇದ್ದವು. ಏಳರ ಮನೆ ಖಾಲಿ.

ಗುಬ್ಬಿಯ ಕಣ್ಣಿಗೆ ಬಿದ್ದದ್ದು ಆ ಖಾಲಿ ಮನೆ ಒಂದೇ. ಯಾಕೆಂದರೆ ಎರಡು ನಿಮಿಷದ ಹಿಂದೆ, ಬೆಳಗ್ಗೆ ಒಂಬತ್ತೂ ಇಪ್ಪತ್ತಕ್ಕೆ, ಕಂಪ್ಯೂಟರ್ ತೆರೆದ ಕೂಡಲೇ ಈ ಪತ್ರ ಕಂಡಿತ್ತು:

‘ನಿಮ್ಮ “ಮೆಷಿನ್ ಕಿವಿ” ಆ್ಯಪ್‌ನ ಬೆಲೆಯನ್ನು ಸೊನ್ನೆಗೆ ಇಳಿಸಲಾಗಿದೆ. ಇಳಿಸಿದ ಫೋನು: ಪರೀಕ್ಷೆ-ಏಳು. ಸಮಯ: ನಿನ್ನೆ ಸಂಜೆ 6.12. ಜಾರಿ: ಇಂದು ಮಧ್ಯಾಹ್ನ 12.00.’

ಆ್ಯಪ್ ಮಾರುವ ಆನ್‌ಲೈನ್ ಅಂಗಡಿಯ ಪತ್ರ ಅದು. ಆ ಅಂಗಡಿಗೆ ಒಂದು ಹಠಮಾರಿ ನಿಯಮವಿತ್ತು—ದುಡ್ಡಿನ ಆ್ಯಪ್ ಒಮ್ಮೆ ಬಿಟ್ಟಿಯಾದರೆ ಮುಗಿಯಿತು, ಅದಕ್ಕೆ ಮತ್ತೆಂದೂ ಬೆಲೆ ಕಟ್ಟುವಂತಿಲ್ಲ! ಹನ್ನೆರಡರೊಳಗೆ ಹಿಂತೆಗೆಯಬಹುದು. ಆದರೆ ಯಾವ ಫೋನಿನಿಂದ ಬದಲಿಸಿದ್ದೋ ಅದೇ ಫೋನಿನಿಂದಲೇ ಹಿಂತೆಗೆಯಬೇಕು. ಅಂಗಡಿಯ ಸಹಾಯವಾಣಿಗೆ ಬರೆದರೆ ತಕ್ಷಣ ಉತ್ತರ ಬಂತು: ‘ಮೂರು ಕೆಲಸದ ದಿನಗಳಲ್ಲಿ ಸಂಪರ್ಕಿಸುತ್ತೇವೆ. ನಿಮ್ಮ ದಿನ ಶುಭವಾಗಿರಲಿ.’

‘ಶುಭವಂತೆ, ಶುಭ!’ ಗುಬ್ಬಿ ಹಲ್ಲು ಕಡಿದಳು.

ಮೂರು ವರ್ಷ! ಹೊಲಿಗೆ ಅಂಗಡಿಗಳ ಮೂಲೆಯಲ್ಲಿ ಕೂತು ಕೆಟ್ಟ ಮೆಷಿನ್ನುಗಳ ಸದ್ದು ಹಿಡಿದಿದ್ದಳು. ಫೋನನ್ನು ಮೆಷಿನ್ ಪಕ್ಕ ಇಟ್ಟು ಪೆಡಲ್ ತುಳಿದರೆ ಸಾಕು—ಬೆಲ್ಟ್ ಸವೆದಿದೆ, ಸೂಜಿ ಬಾಗಿದೆ, ಬಾಬಿನ್ ಸಡಿಲವಾಗಿದೆ ಎಂದು ಅವಳ ಆ್ಯಪ್ ಸದ್ದು ಕೇಳಿಯೇ ಹೇಳುತ್ತಿತ್ತು. ಬೆಲೆ ಎರಡು ಲೋಟ ಚಹಾದಷ್ಟು. ಅಷ್ಟಕ್ಕೂ ಜನ ಮೂಗು ಮುರಿಯುತ್ತಿದ್ದರು. ‘ಬಹಳ ಚೆನ್ನಾಗಿದೆ, ಆದರೆ ದುಡ್ಡು ಕೇಳುತ್ತಾರೆ’ ಎಂದು ಬರೆದು ಒಂದೇ ನಕ್ಷತ್ರ ಕೊಟ್ಟ ಪುಣ್ಯಾತ್ಮರೂ ಇದ್ದರು. ಇಲ್ಲಿಯವರೆಗೆ ಕೊಂಡವರು ನಾನೂರ ಹನ್ನೊಂದು ಮಂದಿ.

ಇವತ್ತು ಮಧ್ಯಾಹ್ನ ಮೂರಕ್ಕೆ ಆ ಲೆಕ್ಕವೇ ಬದಲಾಗುವುದಿತ್ತು. ಹೊಲಿಗೆ ತರಬೇತಿ ಶಾಲೆಗಳ ಸಂಘದವರು ಎರಡು ಸಾವಿರ ಪ್ರತಿ ಕೊಳ್ಳಲು ಒಪ್ಪಿ ಸಹಿಗೆ ಕರೆದಿದ್ದರು. ಕೈಗೆ ಬಂದ ತುತ್ತು ಬಾಯಿಗೆ ಬರದೆ ಹೋದದ್ದು ಅವಳ ಪಾಲಿಗೆ ಹೊಸದೇನಲ್ಲ. ಅದಕ್ಕೇ ಸಹಿ ಬೀಳುವವರೆಗೆ ಯಾರಿಗೂ ಹೇಳಿರಲಿಲ್ಲ. ಹನ್ನೆರಡಕ್ಕೆ ಬಿಟ್ಟಿಯಾಗುವ ವಸ್ತುವನ್ನು ಮೂರಕ್ಕೆ ಯಾರು ದುಡ್ಡು ಕೊಟ್ಟು ಕೊಳ್ಳುತ್ತಾರೆ?

ಅವಳು ದೊಡ್ಡಮ್ಮನಿಗೆ ಫೋನ್ ಮಾಡಿದಳು.

ಅವಳ ತಾಯಿಯ ಅಕ್ಕ ಆ ದೊಡ್ಡಮ್ಮ. ಅಂಚೆ ಇಲಾಖೆಯಲ್ಲಿ ಮೂವತ್ತೊಂದು ವರ್ಷ ಅವರು ಮಾಡಿದ್ದು ಒಂದೇ ಕೆಲಸ—ಕಳೆದುಹೋದ ಪಾರ್ಸಲ್ ಹುಡುಕುವುದು. ಗುಬ್ಬಿ ಅಳುದನಿಯಲ್ಲಿ ಹೇಳಿದ್ದನ್ನೆಲ್ಲ ಕೇಳಿಸಿಕೊಂಡು ಅವರು ಅಂದದ್ದಿಷ್ಟು: ‘ಅಳೋದು ಹನ್ನೆರಡರ ಮೇಲೆ ಇಟ್ಕೋ. ನಿನ್ನೆ ಸಂಜೆ ಆ ರೂಮಲ್ಲಿ ಯಾರ್ಯಾರಿದ್ರೋ ಎಲ್ಲರನ್ನೂ ಕರೆಸು. ಬರ್ತೀನಿ.’

ಹತ್ತೂಕಾಲಿಗೆ ದೊಡ್ಡಮ್ಮ ಎರಡು ಮಹಡಿ ಹತ್ತಿ ಏದುಸಿರು ಬಿಡುತ್ತ ಗುಬ್ಬಿಯ ಆಫೀಸಿಗೆ ಬಂದರು. ಹಿಂದೆಯೇ ಭಾವ, ಗುಬ್ಬಿಯ ಅಕ್ಕನ ಗಂಡ. ಅವರ ಕಾರಿನಲ್ಲೇ ಬಂದದ್ದು.

‘ಒಂದು ಟಿಶ್ಯೂ ಕೊಡೇ ಗುಬ್ಬಿ, ಬೆವರು ಒರೆಸ್ಕೋಬೇಕು. ಅಳಿಯಂದಿರ ಕಾರಲ್ಲಿ ಕೇಳಿದೆ. ಸೀಟಿನ ಮುಂದಿನ ಡಬ್ಬಿ ತೆಗೆಯೋಕೆ ಬರಲ್ಲ, ಬೀಗ ಕೆಟ್ಟಿದೆ ಅಂದ್ರು.’

‘ಹೊಸ ಕಾರು, ಹೆಸರಿಗಷ್ಟೇ ಹೊಸದು!’ ಭಾವ ನಕ್ಕರು. ನಲವತ್ತಾರರ ಅವರು ತಲೆಗೆ ಬಣ್ಣ ಹಚ್ಚಿ, ಬಿಗಿ ಅಂಗಿ ತೊಟ್ಟು, ಮೂವತ್ತೈದು ಎನ್ನಿಸಿಕೊಳ್ಳಲು ದಿನಾ ಒದ್ದಾಡುತ್ತಿದ್ದರು. ಜೇಬಿನಿಂದ ಚೀಟಿ ತೆಗೆದು ಗುಬ್ಬಿಗೆ ಕೊಟ್ಟರು. ‘ಅಕ್ಕ ಸಂಜೆಗೆ ಏನೋ ತರೋಕೆ ಬರೆದಿದ್ದಾಳೆ, ಓದಿ ಹೇಳು. ಅವಳ ಅಕ್ಷರ ದೇವರಿಗೇ ಪ್ರೀತಿ.’

ಗುಬ್ಬಿ ಓದಿದಳು. ಬಲ್ಬ್ ಎರಡು, ಸಾಬೂನು, ಕೆಂಪು ಶಾಯಿ. ದೊಡ್ಡಮ್ಮ ಅವಳ ಭುಜದ ಮೇಲಿಂದ ಇಣುಕಿ ಚೀಟಿ ನೋಡಿ, ಡ್ರಾಯರಿನ ಬಳಿ ಹೋಗಿ ನಿಂತರು. ಒಂದು ನಿಮಿಷ. ಎರಡು ನಿಮಿಷ.

‘ಯಾರಾದ್ರೂ ಮುಟ್ಟಿದ್ರಾ ಇದನ್ನ?’

‘ಇಲ್ಲ ದೊಡ್ಡಮ್ಮ. ಹೇಗಿತ್ತೋ ಹಾಗೇ ಇದೆ.’

‘ಎಲ್ಲಾ ಫೋನಿಂದಲೂ ನಿನ್ನ ಅಂಗಡಿಯ ಬೆಲೆ ಬದಲಾಯಿಸ್ಬಹುದಾ?’

‘ಹೂಂ. ಹನ್ನೆರಡರಲ್ಲೂ ಖಾತೆ ತೆರೆದೇ ಇರುತ್ತೆ. ಪರೀಕ್ಷೆಗೆ ಅಂತ.’

‘ಬಾಗಿಲು ತೆರೆದಿಟ್ಟು ಬೆಕ್ಕನ್ನ ಬೈದ ಹಾಗಾಯ್ತು. ಸರಿ, ನಿನ್ನೆ ಆರೂ ಹನ್ನೆರಡಕ್ಕೆ ನೀನೆಲ್ಲಿದ್ದೆ?’

‘ಕೆಳಗಡೆ ಪ್ರಿಂಟಿಂಗ್ ಪ್ರೆಸ್ಸಲ್ಲಿ. ಕರಪತ್ರ ತರೋಕೆ ಹೋಗಿದ್ದೆ. ಇಪ್ಪತ್ತು ನಿಮಿಷ.’

‘ಆ ಇಪ್ಪತ್ತು ನಿಮಿಷ ಇಲ್ಲಿದ್ದೋರು ಇವರು ಮೂರೇ ಜನ?’

ಮೂರೇ ಜನ. ಕರೆ ಕೇಳಿ ಆಗಲೇ ಬಂದು ಕೂತಿದ್ದ ಪಾಲುದಾರ ಮತ್ತು ಚಿತ್ರಗಾರ್ತಿ, ಈಗ ಬಂದ ಭಾವ. ದೊಡ್ಡಮ್ಮ ಕುರ್ಚಿ ಎಳೆದು ಬಾಗಿಲಿಗೆ ಅಡ್ಡವಾಗಿ ಹಾಕಿಕೊಂಡು ಕೂತರು. ಗೋಡೆ ಗಡಿಯಾರ ಹತ್ತೂವರೆ ತೋರಿಸುತ್ತಿತ್ತು.

ಮೊದಲು ಪಾಲುದಾರ. ಗುಬ್ಬಿಯ ಜೊತೆ ಕಾಲೇಜಿನಲ್ಲಿ ಓದಿದವನು, ಆ್ಯಪ್‌ನ ಅರ್ಧ ಕೋಡ್ ಅವನದು.

‘ಎಲ್ಲಿದ್ದೆಯಪ್ಪ?’

‘ಬಾಲ್ಕನೀಲಿ. ಫೋನಲ್ಲಿ ಮಾತಾಡ್ತಿದ್ದೆ.’

‘ಯಾರ ಜೊತೆ?’

‘ಅದು... ಸ್ವಂತ ವಿಷಯ.’

‘ಇವತ್ತು ಹನ್ನೆರಡರವರೆಗೆ ಯಾರಿಗೂ ಸ್ವಂತ ವಿಷಯ ಇಲ್ಲ. ಹೇಳು.’

ಪಾಲುದಾರ ನೆಲ ನೋಡಿದ. ‘ಒಂದು ಕಂಪನಿಯೋರು ಕೆಲಸಕ್ಕೆ ಕರೆದಿದ್ದಾರೆ. ತಿಂಗಳ ಸಂಬಳ. ಸೋಮವಾರ ಹೇಳ್ತೀನಿ ಅಂದೆ.’

ಗುಬ್ಬಿಗೆ ಕೆನ್ನೆಗೆ ಹೊಡೆದ ಹಾಗಾಯಿತು. ‘ನನಗೆ ಒಂದು ಮಾತು ಹೇಳ್ಬೇಕು ಅನ್ನಿಸ್ಲಿಲ್ವಾ ನಿನಗೆ?’

‘ಹೇಗೆ ಹೇಳ್ಲಿ? ನಿನ್ನ ಮುಖ ನೋಡಿದ್ರೆ ಮಾತೇ ಹೊರಡಲ್ಲ. ಆದ್ರೆ ಗುಬ್ಬಿ, ಬೆಲೆ ನಾನು ಮುಟ್ಟಿಲ್ಲ. ಆಣೆಗೂ ಇಲ್ಲ!’

‘ಆಮೇಲೆ ಜಗಳ ಆಡಿ,’ ಎಂದರು ದೊಡ್ಡಮ್ಮ. ‘ನೀನು ಹೇಳಮ್ಮ.’

ಚಿತ್ರಗಾರ್ತಿ ಸರಪಳಿಯಲ್ಲಿ ನೇತಾಡುತ್ತಿದ್ದ ಕನ್ನಡಕವನ್ನು ಮೂಗಿಗೇರಿಸಿಕೊಂಡರು. ಐವತ್ತು ದಾಟಿದ ಹೆಂಗಸು, ಕೋಪ ಮೂಗಿನ ತುದಿಯಲ್ಲೇ. ‘ಡ್ರಾಯರಿಗೆ ಬೆನ್ನು ಹಾಕಿ ಕೂತಿದ್ದೆ. ಕಿವಿಗೆ ಹೆಡ್‌ಫೋನು. ಆನೆ ಬಂದು ಹೋಗಿದ್ರೂ ಗೊತ್ತಾಗ್ತಿರ್ಲಿಲ್ಲ.’

‘ಗುಬ್ಬಿ ಮೇಲೆ ಸಿಟ್ಟಿದೆಯಂತೆ?’

‘ಇದೆ! ಆ್ಯಪ್‌ನ ಗುರುತಿಗೆ ಅಂತ ನಾಲ್ಕು ತಿಂಗಳು ಕೂತು ಸೂಜಿ ಬರೆದೆ. ಕೊನೇ ದಿನ ಸೂಜಿ ತೆಗೆದು ಕಿವಿ ಹಾಕಿದ್ಲು. ಸಿಟ್ಟು ಬಂದ್ರೆ ಮುಖದ ಮೇಲೇ ಹೇಳ್ತೀನಿ, ಡ್ರಾಯರಿಗೆ ಕೈ ಹಾಕಲ್ಲ.’

‘ಈ ಫೋನುಗಳಲ್ಲಿ ಒಂದಕ್ಕೊಂದು ಏನು ವ್ಯತ್ಯಾಸ?’

‘ಒಂದೊಂದಕ್ಕೆ ಒಂದೊಂದು ರೋಗ ನಾವೇ ಹಚ್ಚಿದ್ದೀವಿ. ಮೂರಕ್ಕೆ ಪರದೆ ಕಪ್ಪು. ಐದಕ್ಕೆ ನೆಟ್ ನಿಧಾನ. ಏಳಕ್ಕೆ ಅಕ್ಷರ ದಪ್ಪ, ಎಷ್ಟು ದೊಡ್ಡದಾಗುತ್ತೋ ಅಷ್ಟು. ಹೀಗೇ. ಅದರಲ್ಲಿ ನೋಡಿ ಬೇಸರ ಪಟ್ಕೊಳ್ಳೋದೇ ನನ್ನ ಕೆಲಸ.’

ದೊಡ್ಡಮ್ಮ ತಲೆದೂಗಿ ಭಾವನ ಕಡೆ ತಿರುಗಿದರು. ‘ಅಳಿಯಂದಿರೇ, ನೀವು?’

‘ಗುಬ್ಬಿಯ ಸ್ವೆಟರ್ ಕೊಡೋಕೆ ಬಂದಿದ್ದೆ ದೊಡ್ಡಮ್ಮ. ಅವಳು ಬರಲಿ ಅಂತ ಸೋಫಾ ಮೇಲೆ ಪೇಪರ್ ಓದ್ತಾ ಕೂತಿದ್ದೆ.’

‘ಏನಿತ್ತು ಪೇಪರಲ್ಲಿ?’

‘ಏನಿರುತ್ತೆ? ಅದೇ ಮಾಮೂಲಿ ಸುದ್ದಿ.’

‘ನಿಮ್ಮದು ಜಾಹೀರಾತಿನ ವ್ಯವಹಾರ. ಆ್ಯಪ್ ಬಿಟ್ಟಿ ಕೊಟ್ಟು ಒಳಗೆ ಜಾಹೀರಾತು ಹಾಕಿ ಅಂತ ಇವಳಿಗೆ ಎಷ್ಟೋ ಸಲ ಹೇಳಿದ್ರಂತೆ?’

‘ಈಗಲೂ ಹೇಳ್ತೀನಿ! ಬಿಟ್ಟಿ ಸಿಕ್ಕರೆ ನನಗೂ ಇರಲಿ ನಮ್ಮಪ್ಪನಿಗೂ ಇರಲಿ ಅನ್ನೋ ಜನ ಇದು. ಬಿಟ್ಟಿ ಕೊಟ್ಟರೆ ಲಕ್ಷ ಜನ ತಗೋತಾರೆ.’

‘ಭಾವ, ಅದು ಸದ್ದು ಕೇಳೋ ಆ್ಯಪು!’ ಗುಬ್ಬಿ ನೂರನೇ ಸಲ ಹೇಳಿದಳು. ‘ಜಾಹೀರಾತು ನಡುವೆ ಹಾಡೋಕೆ ಶುರು ಮಾಡಿದ್ರೆ ಅದಕ್ಕೆ ಮೆಷಿನ್ನಿನ ಸದ್ದು ಹೇಗೆ ಕೇಳ್ಬೇಕು? ಆಮೇಲೆ ಇವತ್ತು...’ ಇನ್ನು ತಡೆಯಲಾಗಲಿಲ್ಲ. ಎರಡು ಸಾವಿರ ಪ್ರತಿಯ ಮಾತು, ಮೂರು ಗಂಟೆಯ ಸಹಿ, ಎಲ್ಲವನ್ನೂ ಹೊರಹಾಕಿದಳು.

ಪಾಲುದಾರ ತಲೆ ಹಿಡಿದುಕೊಂಡ. ಚಿತ್ರಗಾರ್ತಿ ‘ಅಯ್ಯೋ ದೇವರೇ’ ಎಂದು ಬಾಯಿಗೆ ಕೈ ಹಚ್ಚಿದರು. ಭಾವ ಧಡಕ್ಕನೆ ಎದ್ದರು.

‘ಕಾರು ಅಡ್ಡ ನಿಲ್ಲಿಸಿದ್ದೀನಿ. ತೆಗೆದು ಬರ್ತೀನಿ.’

‘ಯಾರಿಗೂ ಅಡ್ಡ ಆಗಿಲ್ಲ, ನಾನೇ ನೋಡಿದ್ದೀನಿ. ಕೂತ್ಕೊಳ್ಳಿ.’ ದೊಡ್ಡಮ್ಮನ ಕುರ್ಚಿ ಬಾಗಿಲಿನಿಂದ ಅಲ್ಲಾಡಲಿಲ್ಲ. ‘ಗುಬ್ಬಿ, ಆ ಅಂಗಡಿಯ ನಿಯಮಗಳನ್ನ ಪ್ರಿಂಟ್ ತೆಗಿ. ಮೂರು ಹಾಳೆ.’

ಹನ್ನೊಂದೂ ಇಪ್ಪತ್ತು! ಈಗ ನಿಯಮ ಓದುವ ಹೊತ್ತೇ? ಆದರೂ ಗುಬ್ಬಿ ಪ್ರಿಂಟ್ ತೆಗೆದಳು. ಇರುವೆ ಸಾಲಿನಂಥ ಸಣ್ಣ ಅಕ್ಷರ. ದೊಡ್ಡಮ್ಮ ಒಬ್ಬೊಬ್ಬರಿಗೆ ಒಂದೊಂದು ಹಾಳೆ ಹಂಚಿದರು.

‘ಎಲ್ಲರೂ ತಮ್ಮ ಹಾಳೆಯ ಮೊದಲನೇ ಸಾಲು ಜೋರಾಗಿ ಓದಿ. ನಿಯಮ ಗೊತ್ತಿರ್ಲಿಲ್ಲ ಅಂತ ನಾಳೆ ಯಾರೂ ಹೇಳಬಾರದು.’

ಪಾಲುದಾರ ಗಡಗಡ ಓದಿದ: ‘ಖಾತೆಯ ಸುರಕ್ಷತೆ ಖಾತೆದಾರರ ಹೊಣೆ.’

ಚಿತ್ರಗಾರ್ತಿ ಕನ್ನಡಕ ಸರಿಮಾಡಿಕೊಂಡು ಓದಿದರು: ‘ಬೆಲೆಯ ಬದಲಾವಣೆ ಮರುದಿನ ಮಧ್ಯಾಹ್ನ ಹನ್ನೆರಡಕ್ಕೆ ಜಾರಿಯಾಗುತ್ತದೆ.’

ಭಾವ ಹಾಳೆಯನ್ನು ಕೈಚಾಚಿ ಹಿಡಿದು, ಗಂಟಲು ಸರಿಮಾಡಿಕೊಂಡು ಓದಿದರು: ‘ಬೆಲೆಯ ಬದಲಾವಣೆ ಮರುದಿನ ಮಧ್ಯಾಹ್ನ ಹನ್ನೆರಡಕ್ಕೆ ಜಾರಿಯಾಗುತ್ತದೆ.’

‘ಸಂತೋಷ,’ ಎಂದು ದೊಡ್ಡಮ್ಮ ಎದ್ದು ಕೈ ಚಾಚಿದರು. ‘ಅಳಿಯಂದಿರೇ, ಕಾರಿನ ಕೀಲಿ ಕೊಡಿ.’

‘ಕೀಲಿನಾ? ಯಾಕೆ?’

‘ಯಾಕೆ ಅಂತ ಹನ್ನೆರಡರ ಮೇಲೆ ಹೇಳ್ತೀನಿ. ಈಗ ಕೀಲಿ!’

ಭಾವನ ಕೈ ತಾನಾಗಿಯೇ ಜೇಬಿನ ಕಡೆ ಹೋಯಿತು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿಕೊಂಡ ಹಾಗೆ, ಅಷ್ಟರಲ್ಲೇ ಅವರ ಮುಖ ಎಲ್ಲವನ್ನೂ ಹೇಳಿಬಿಟ್ಟಿತ್ತು.

‘ಮುಂದಿನ ಡಬ್ಬಿ, ಗುಬ್ಬಿ! ಬೀಗ ಗೀಗ ಏನೂ ಕೆಟ್ಟಿಲ್ಲ. ಓಡು!’

ಗುಬ್ಬಿ ಓಡಿದಳು. ಎರಡೆರಡು ಮೆಟ್ಟಿಲು ಹಾರಿ, ಪ್ರೆಸ್ಸಿನ ಕಾಗದದ ಬಂಡಲುಗಳನ್ನು ದಾಟಿ, ಬೀದಿಗೆ ಬಿದ್ದು, ಕಾರಿನ ಬಾಗಿಲು ಕಿತ್ತು ತೆರೆದಳು. ಡಬ್ಬಿ ಬೆರಳು ತಾಗಿಸಿದ ಕೂಡಲೇ ಬಾಯಿ ಬಿಟ್ಟಿತು. ಟಿಶ್ಯೂ ಪೊಟ್ಟಣ. ಅದರ ಕೆಳಗೆ ಏಳನೇ ಫೋನು! ಪಕ್ಕದಲ್ಲಿ ಅಂಗಡಿಯ ಚೀಟಿಯೂ ಕಿತ್ತಿರದ ಹೊಚ್ಚಹೊಸ ಕನ್ನಡಕ. ಎರಡನ್ನೂ ಬಾಚಿಕೊಂಡು ಮೇಲೆ ಓಡಿದಳು.

ಫೋನು ಸತ್ತು ಮಲಗಿತ್ತು. ಚಾರ್ಜ್ ಸೊನ್ನೆ!

‘ಹಳೇ ಅಗಲ ಪಿನ್ನಿನ ಚಾರ್ಜರ್! ಎಲ್ಲಿ? ಎಲ್ಲಿ?’ ಪಾಲುದಾರ ತಂತಿಗಳ ಗಂಟನ್ನೇ ನೆಲಕ್ಕೆ ಸುರಿದ. ಸಿಕ್ಕಿತು. ಚುಚ್ಚಿದ. ಹನ್ನೊಂದೂ ನಲವತ್ತೊಂದು. ಕಪ್ಪು ಪರದೆ. ನಲವತ್ತಾರು. ಕಂಪನಿಯ ಗುರುತು ಸುತ್ತತೊಡಗಿತು. ಸುತ್ತಿತು, ಸುತ್ತಿತು, ಸುತ್ತುತ್ತಲೇ ಇತ್ತು. ಚಿತ್ರಗಾರ್ತಿ ಅದಕ್ಕೆ ಬಾಯಿಗೆ ಬಂದಂತೆ ಬೈದರು. ಐವತ್ತಮೂರಕ್ಕೆ ಪರದೆ ತೆರೆಯಿತು. ಕುಂಬಳಕಾಯಿ ಗಾತ್ರದ ಅಕ್ಷರ!

ಗುಬ್ಬಿ ಬೆಲೆಯ ಪುಟ ತೆರೆದಳು. ‘ಹೊಸ ಬೆಲೆ: ಸೊನ್ನೆ.’ ಅಲ್ಲಿಗೇ ಪರದೆ ಮುಗಿಯಿತು. ಎಳೆದಳು. ಪುಟ ಜಗ್ಗಲಿಲ್ಲ.

‘ಹಿಂತೆಗೆಯೋ ಗುಂಡಿ ಎಲ್ಲೇ?’ ಎಂದರು ದೊಡ್ಡಮ್ಮ.

‘ಕೆಳಗಿದೆ! ಅಕ್ಷರ ದಪ್ಪ ಇದ್ರೆ ಅಂಗಡಿಯೋರ ಪುಟ ಕತ್ತರಿಸಿ ಹೋಗುತ್ತೆ. ಅವರಿಗೆ ಎರಡು ಸಲ ದೂರು ಬರೆದಿದ್ದೀನಿ. ತಾಳಿ...’ ಸೆಟ್ಟಿಂಗ್ ತೆರೆದು ಅಕ್ಷರದ ಗಾತ್ರವನ್ನು ಸರ್ರನೆ ಚಿಕ್ಕದು ಮಾಡಿ ಹಿಂದಕ್ಕೆ ಬಂದಳು. ಕಂಡಿತು ಗುಂಡಿ! ಒತ್ತಿದಳು. ‘ಖಚಿತವೇ?’ ಎಂದು ಕೇಳಿತು. ‘ಖಚಿತ ಕಣೋ, ಖಚಿತ!’ ಮತ್ತೆ ಒತ್ತಿದಳು.

‘ಬೆಲೆಯ ಬದಲಾವಣೆಯನ್ನು ಹಿಂತೆಗೆಯಲಾಗಿದೆ.’

ಹನ್ನೊಂದೂ ಐವತ್ತೆಂಟು. ಚಿತ್ರಗಾರ್ತಿ ಪಾಲುದಾರನನ್ನು ತಬ್ಬಿಕೊಂಡರು. ಗುಬ್ಬಿ ನೆಲದ ಮೇಲೆ ಕುಕ್ಕರಿಸಿ, ಬೆಳಗ್ಗೆಯಿಂದ ತಡೆದಿಟ್ಟ ಅಳುವನ್ನೆಲ್ಲ ಅತ್ತು ಮುಗಿಸಿದಳು.

‘ಈಗ ಕೇಳಿ,’ ಎಂದರು ದೊಡ್ಡಮ್ಮ. ‘ನೀವೆಲ್ಲ ಇಲ್ಲದ ಫೋನನ್ನ ನೋಡ್ತಾ ಇದ್ರಿ. ನಾನು ಇರೋ ಫೋನುಗಳನ್ನ ನೋಡಿದೆ. ಆರು ಬೋರಲು, ಐದು ಅಂಗಾತ. ಯಾಕೆ? ಯಾರೋ ಒಂದನೇದನ್ನ ಎತ್ತಿ ನೋಡಿ, ಆಗಲ್ಲ ಅಂತ ಬೋರಲು ಇಟ್ಟಿದ್ದಾರೆ. ಎರಡನೇದೂ ಹಾಗೇ. ಆರರವರೆಗೂ ಹಾಗೇ. ಏಳು ಸಿಕ್ಕಿದ ಮೇಲೆ ಎಂಟನ್ನ ಮುಟ್ಟೇ ಇಲ್ಲ. ಎಲ್ಲಾ ಫೋನಲ್ಲೂ ಬೆಲೆ ಬದಲಾಯಿಸ್ಬಹುದು ಅಂದ್ಮೇಲೆ ಮೊದಲನೇದೇ ಯಾಕೆ ಸಾಕಾಗ್ಲಿಲ್ಲ?’

‘ಓದೋಕಾಗ್ಲಿಲ್ಲ!’ ಎಂದು ಕೂಗಿದಳು ಗುಬ್ಬಿ. ‘ಏಳರಲ್ಲಿ ಮಾತ್ರ ದಪ್ಪ ಅಕ್ಷರ!’

‘ಅಷ್ಟೇ. ಸಣ್ಣ ಅಕ್ಷರ ಕಾಣದೋರು, ಕನ್ನಡಕ ಹಾಕೋಕೂ ಆಗದೋರು. ಈ ಹುಡುಗನ ಕಣ್ಣು ಚುರುಕು. ಈಯಮ್ಮನ ಕನ್ನಡಕ ಕೊರಳಲ್ಲೇ ಇದೆ. ಉಳಿದೋರು ಯಾರು? ನಿಮ್ಮಕ್ಕ ಶಾಲೆ ಟೀಚರು, ಮುತ್ತು ಪೋಣಿಸಿದ ಹಾಗೆ ಬರೀತಾಳೆ. ಅದನ್ನ ದೇವರಿಗೇ ಪ್ರೀತಿ ಅಂದ್ರು ಇವರು! ಆದ್ರೂ ಅನುಮಾನ ಉಳಿಯಬಾರದು ಅಂತ ಮೂರು ಬೇರೆ ಬೇರೆ ಹಾಳೆ ಕೊಟ್ಟೆ. ಪಕ್ಕದೋರು ಓದಿದ್ದನ್ನೇ ಅಳಿಯಂದಿರು ಒಪ್ಪಿಸಿಬಿಟ್ರು. ಇವರ ಹಾಳೆಯ ಮೊದಲ ಸಾಲೇನು ಗೊತ್ತಾ? “ಒಮ್ಮೆ ಉಚಿತವಾದ ಆ್ಯಪ್‌ಗೆ ಮತ್ತೆ ಬೆಲೆ ಇಡಲಾಗದು.” ಅಳಿಯಂದಿರೇ, ನಲವತ್ತಾದ್ಮೇಲೆ ಚಾಳೀಸು ಬರೋದು ಯಾರಿಗೂ ತಪ್ಪಿದ್ದಲ್ಲ. ಅದಕ್ಯಾಕೆ ಇಷ್ಟು ನಾಚಿಕೆ?’

ಭಾವ ಕುರ್ಚಿಯಲ್ಲಿ ಕುಗ್ಗಿಹೋಗಿದ್ದರು. ‘ಒಬ್ಬ ದೊಡ್ಡ ಗಿರಾಕಿಗೆ ಮಾತು ಕೊಟ್ಟುಬಿಟ್ಟಿದ್ದೆ, ನಮ್ಮ ಹುಡುಗಿ ಆ್ಯಪಲ್ಲಿ ನಿಮ್ಮ ಜಾಹೀರಾತು ಹಾಕಿಸ್ತೀನಿ ಅಂತ. ಒಂದು ತಿಂಗಳು ಬಿಟ್ಟಿ ಬಿಟ್ಟು ನೋಡೋಣ, ಜನ ಮುಗಿಬಿದ್ರೆ ಗುಬ್ಬಿಯೇ ಒಪ್ಪುತ್ತಾಳೆ ಅಂದ್ಕೊಂಡೆ. ಮತ್ತೆ ಬೆಲೆ ಇಡೋಕೆ ಬರಲ್ಲ ಅಂತ ಎಲ್ಲಿ ಬರೆದಿತ್ತು? ನನಗೆ ಕಾಣಲೇ ಇಲ್ಲ!’

ಗುಬ್ಬಿಗೆ ಗೊತ್ತಿತ್ತು. ಗುಂಡಿ ಕತ್ತರಿಸಿಹೋಗುವ ಜಾಗದಲ್ಲೇ ಎಚ್ಚರಿಕೆಯ ಸಾಲೂ ಕತ್ತರಿಸಿಹೋಗುತ್ತಿತ್ತು.

‘ನೀನು ಕರಪತ್ರ ಹಿಡಿದು ಬಂದುಬಿಟ್ಟೆ. ಗಾಬರಿಯಲ್ಲಿ ಫೋನು ಜೇಬಿಗೆ ಹಾಕ್ಕೊಂಡೆ. ಎರಡು ಸಾವಿರದ ಮಾತು ಕೇಳಿದ್ಮೇಲೆ ಜೀವ ಹೋದ ಹಾಗಾಯ್ತು. ಕಾರಿಗೆ ಹೋಗಿ ಸರಿ ಮಾಡೋಣ ಅಂತ ಎದ್ದೆ, ದೊಡ್ಡಮ್ಮನೇ ಬಿಡಲಿಲ್ಲ!’

‘ಬಿಟ್ಟಿದ್ರೆ ಆ ಗುಂಡಿ ಹುಡುಕ್ತಾ ಇವತ್ತು ಸಂಜೆವರೆಗೂ ಕಾರಲ್ಲೇ ಕೂತಿರ್ತಿದ್ರಿ.’

ಗುಬ್ಬಿ ಎದ್ದು ಕಣ್ಣೊರೆಸಿಕೊಂಡಳು. ‘ಭಾವ, ಒಂದು ಮಾತು ಕೇಳ್ತೀನಿ. ಮೂರು ವರ್ಷದಲ್ಲಿ ನೀವು ನನ್ನ ಆ್ಯಪ್ ಕೊಂಡಿದ್ದೀರಾ?’

‘ನಾನಾ? ಮನೆಯೋರು ಅಲ್ವಾ... ನೀನೇ ಹಾಕಿಕೊಟ್ಟಿದ್ದೆ.’

‘ಮನೆಯೋರಿಗೆಲ್ಲ ಬಿಟ್ಟಿ. ಅದಕ್ಕೇ ಅದಕ್ಕೆ ಬೆಲೆ ಇದೆ ಅಂತ ಮನೇಲಿ ಯಾರಿಗೂ ಅನ್ನಿಸ್ಲೇ ಇಲ್ಲ.’ ಅವಳು ಕನ್ನಡಕವನ್ನು ಅವರ ಮುಂದಿಟ್ಟಳು.

ಭಾವ ಅದನ್ನು ಕೈಗೆತ್ತಿಕೊಂಡರು. ಆಮೇಲೆ, ಚೀಟಿ ಕಿವಿಯ ಪಕ್ಕ ನೇತಾಡುತ್ತಿರುವಂತೆಯೇ, ಎಲ್ಲರೆದುರು ಹಾಕಿಕೊಂಡರು. ತಮ್ಮ ಫೋನು ತೆಗೆದು ಓದಿ ಓದಿ ಒತ್ತಿದರು. ಮೇಜಿನ ಮೇಲಿನ ಕಂಪ್ಯೂಟರ್ ಟಿಣ್ ಎಂದಿತು. ನಾನೂರ ಹನ್ನೆರಡು.

‘ಮನೇಲಿ ಹೊಲಿಗೆ ಮೆಷಿನ್ನೇ ಇಲ್ಲ,’ ಎಂದು ಗೊಣಗಿದರು.

‘ಕೊಂಡ್ಕೊಳ್ಳಿ,’ ಎಂದರು ದೊಡ್ಡಮ್ಮ.

ಮೂರು ಗಂಟೆಗೆ ಸಂಘದ ಕಚೇರಿಯಲ್ಲಿ ಗುಬ್ಬಿಯ ಪಕ್ಕ ಪಾಲುದಾರನೂ ಕೂತಿದ್ದ. ಕೆಲಸದ ಮಾತು ಸೋಮವಾರಕ್ಕೇ ಉಳಿದ ಹಾಗಿತ್ತು. ಎಪ್ಪತ್ತರ ಹತ್ತಿರದ ಅಧ್ಯಕ್ಷೆ ತಮ್ಮ ಫೋನನ್ನು ಕೈಚಾಚಿ ಹಿಡಿದು, ಹತ್ತಿರ ತಂದು, ಮತ್ತೆ ದೂರ ಹಿಡಿದು ಹುಬ್ಬು ಗಂಟಿಕ್ಕಿದರು.

‘ಆ್ಯಪೇನೋ ಚೆನ್ನಾಗಿದೆಯಮ್ಮ. ಆದ್ರೆ ಇಷ್ಟು ಸಣ್ಣ ಅಕ್ಷರ? ನಮ್ಮ ಟೀಚರುಗಳೆಲ್ಲ ನನ್ನ ವಯಸ್ಸಿನೋರೇ. ಸಹಿ ಹಾಕಿ ಏನು ಮಾಡ್ಲಿ?’

ಪೆನ್ನಿಗೆ ಅವರು ಆಗಲೇ ಕ್ಯಾಪ್ ಹಾಕುತ್ತಿದ್ದರು. ಗುಬ್ಬಿ ಚೀಲಕ್ಕೆ ಕೈ ಹಾಕಿದಳು. ಬರುವ ಮುಂಚೆ ಅಕ್ಷರವನ್ನು ಮತ್ತೆ ದಪ್ಪ ಮಾಡಿ ತಂದಿದ್ದ ಏಳನೇ ಫೋನನ್ನು ಅವರ ಮುಂದಿಟ್ಟಳು. ಅವಳ ಆ್ಯಪ್‌ನಲ್ಲಿ ಒಂದು ಗುಂಡಿಯೂ ಕತ್ತರಿಸಿಹೋಗುತ್ತಿರಲಿಲ್ಲ. ಅದಕ್ಕಾಗಿಯೇ ಹೋದ ವರ್ಷ ಎರಡು ತಿಂಗಳು ಸುರಿದಿದ್ದಳು.

ಅಧ್ಯಕ್ಷೆ ಓದಿದರು. ಒಂದು ಸಾಲು, ಎರಡು ಸಾಲು, ಜೋರಾಗಿ. ಆಮೇಲೆ ಪೆನ್ನಿನ ಕ್ಯಾಪ್ ತೆಗೆದರು.